ಅಂಟಿಯೂ ಅಂಟದ ಗಮ್ ಪೆನ್: ಒಂದು ಚಿತ್ರಪುಸ್ತಕ ಮುಗಿಸಿದ ಮೇಲೆ ಬರೆದ ರಿವ್ಯೂ

ಕಾಗದ ಕತ್ತರಿಸಿ ಚಿತ್ರ ಮಾಡುವವರನ್ನು ಯಾವ ಸಾಮಾನು ಮುಖ್ಯ ಅಂತ ಕೇಳಿದರೆ ಹೆಚ್ಚಿನವರು ಬ್ಲೇಡ್ ಅನ್ನುತ್ತಾರೆ, ಇಲ್ಲವಾದರೆ ಕಾಗದ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಸ್ಟ್ರೇಷನ್ ಕೋರ್ಸಿನ ಕೊನೆಯ ವರ್ಷಕ್ಕೆ ಮಕ್ಕಳ ಚಿತ್ರಪುಸ್ತಕ ಮಾಡುತ್ತೇನೆ, ಎಲ್ಲವನ್ನೂ ಕತ್ತರಿಸಿದ ಕಾಗದದಲ್ಲೇ ಮಾಡುತ್ತೇನೆ ಅಂತ ಹೊರಟಾಗ ಮೊದಲು ತಂದದ್ದು ಬ್ಲೇಡು, ಕಟಿಂಗ್ ಮ್ಯಾಟು, ಒಂದು ಕಟ್ಟು ಬಣ್ಣದ ಹಾಳೆ. ಗಮ್ಮಿನ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಎಂಟು ತಿಂಗಳು ಒಂದೇ ಪುಸ್ತಕದ ಮುಂದೆ ಕೂತೆದ್ದ ಮೇಲೆ ಈಗ ಯಾರಾದರೂ ಕೇಳಿದರೆ ನಾನು ಗಮ್ ಅಂತಲೇ ಹೇಳುತ್ತೇನೆ. ಅದರಲ್ಲೂ ಅಂಟಿಸಿದ್ದನ್ನು ಕಿತ್ತು ಮತ್ತೆ ಅಂಟಿಸಲು ಬಿಡುವ ಗಮ್ ಪೆನ್. ಈ ರಿವ್ಯೂ ಅದರ ಬಗ್ಗೆ.

ನೋಡಲು ಸಾಧಾರಣ ಮಾರ್ಕರ್ ಪೆನ್ ಥರ ಇರುತ್ತದೆ. ಒಳಗೆ ನೀರಾದ ಗಮ್. ಕಾಗದದ ಮೇಲೆ ಎಳೆದಾಗ ನೀಲಿ ಬಣ್ಣದಲ್ಲಿ ಬರುತ್ತದೆ. ನೀಲಿ ಇರುವಾಗಲೇ ಒತ್ತಿದರೆ ಅದು ಸಾಮಾನ್ಯ ಗಮ್ಮಿನ ಹಾಗೆ ಖಾಯಂ ಆಗಿ ಕೂರುತ್ತದೆ. ಹಾಗೆ ಮಾಡದೆ ಸ್ವಲ್ಪ ಹೊತ್ತು ಬಿಟ್ಟರೆ ನೀಲಿ ಮಾಯವಾಗಿ ಗಮ್ ಪಾರದರ್ಶಕವಾಗುತ್ತದೆ, ಬೆರಳಿಟ್ಟರೆ ಜಿಗುಟು ಮಾತ್ರ ಇರುತ್ತದೆ. ಆಮೇಲೆ ಅಂಟಿಸಿದ ಚೂರನ್ನು ಎತ್ತಬಹುದು, ಜರುಗಿಸಬಹುದು, ಮತ್ತೆ ಇಡಬಹುದು. ಒಂದೇ ಪೆನ್ನು, ಕಾಯುವುದರಲ್ಲಿ ಮಾತ್ರ ವ್ಯತ್ಯಾಸ. ಕೆಲವು ಪೆನ್ನುಗಳ ತುದಿ ತೆಳ್ಳಗಿರುತ್ತದೆ, ಕೆಲವಕ್ಕೆ ಉಳಿ ಥರ ಅಗಲ ತುದಿ. ನಾನು ಎರಡನ್ನೂ ಬಳಸಿದ್ದೇನೆ.

ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಂಡರೆ ಬಳಸುವುದೂ ಸುಲಭ. ಕಾಗದ ಅಂದರೆ ನಾರುಗಳ ಹೆಣಿಗೆ. ಹಸಿ ಗಮ್ ಆ ನಾರುಗಳ ಸಂದಿಗೆ ಇಳಿದು ಅಲ್ಲೇ ಒಣಗುತ್ತದೆ, ಹಾಗಾಗಿ ಕೀಳಲು ಹೋದರೆ ನಾರೇ ಕಿತ್ತು ಬರುತ್ತದೆ. ಮೊದಲೇ ಒಣಗಿದ ಗಮ್ ಎದುರಿನ ಕಾಗದದ ಒಳಗೆ ಇಳಿಯುವುದಿಲ್ಲ, ಮೇಲ್ಮೈಯನ್ನು ಮುಟ್ಟಿಕೊಂಡು ನಿಲ್ಲುತ್ತದೆ ಅಷ್ಟೇ. ಕಡಿಮೆ ಅಂಟುವುದೂ ಒಂದು ಗುಣ ಅನ್ನುವುದಕ್ಕೆ ಸ್ಟಿಕ್ಕಿ ನೋಟ್ ಒಳ್ಳೆ ಉದಾಹರಣೆ. 1968ರಲ್ಲಿ ತ್ರೀಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಮಾಡಲು ಹೋಗಿ ಸುಲಭವಾಗಿ ಬಿಡುವ ಅಂಟೊಂದನ್ನು ಮಾಡಿದರು. ಸಣ್ಣ ಸಣ್ಣ ಗೋಲಿಗಳಂತಿರುವ ಕಣಗಳು ಅಲ್ಲಲ್ಲಿ ಮಾತ್ರ ಮುಟ್ಟುವುದರಿಂದ ಅದು ಎಳೆದರೆ ಬಿಡುತ್ತಿತ್ತು. ಅದನ್ನು ಯಾತಕ್ಕೆ ಬಳಸಬೇಕು ಅಂತ ವರ್ಷಗಟ್ಟಲೆ ಯಾರಿಗೂ ಹೊಳೆಯಲಿಲ್ಲ. 1974ರಲ್ಲಿ ಅದೇ ಕಂಪನಿಯ ಆರ್ಟ್ ಫ್ರೈ ಅವರಿಗೆ ಹಾಡಿನ ಪುಸ್ತಕದಿಂದ ಜಾರಿ ಬೀಳದ ಗುರುತು ಚೀಟಿ ಬೇಕು ಅನ್ನಿಸಿತು. ಆ ಅಂಟು ಹಚ್ಚಿದ ಸ್ಟಿಕ್ಕಿ ನೋಟ್ ದೊಡ್ಡದಾಗಿ ಮಾರುಕಟ್ಟೆಗೆ ಬಂದದ್ದು 1980ರಲ್ಲಿ. ನನ್ನ ಕೆಲಸದಲ್ಲೂ ಹೀಗೇ ಆಯಿತು, ಬೇಕಾಗಿದ್ದದ್ದು ಸರಿಯಾಗಿ ಅಂಟದ ಅಂಟೇ.

ಕತೆ ಚಿಕ್ಕದು. ಒಬ್ಬ ಹುಡುಗಿ, ಅವಳ ಕೆಂಪು ಕೊಡೆ, ಜೋರು ಗಾಳಿ. ಕೊಡೆ ಹಾರಿಹೋಗುತ್ತದೆ, ಅವಳು ಹಿಂದೆ ಓಡುತ್ತಾಳೆ. ಪುಸ್ತಕ 32 ಪುಟ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಿಚಿ ಕತ್ತರಿಸುವಾಗ ಪುಟಗಳು 8, 16, 32 ಹೀಗೆ ಬರುವುದರಿಂದ ಚಿತ್ರಪುಸ್ತಕಗಳಲ್ಲಿ ಈ ಲೆಕ್ಕವೇ ಜಾಸ್ತಿ. ಶೀರ್ಷಿಕೆ, ಅರ್ಪಣೆ ಅಂತ ಬಿಟ್ಟು ನನ್ನ ಕತೆಗೆ 13 ಜೋಡಿಪುಟ (ಪುಸ್ತಕ ತೆರೆದಾಗ ಅಕ್ಕಪಕ್ಕ ಕಾಣುವ ಎರಡು ಪುಟ) ಸಿಕ್ಕಿತು. ಅಂದರೆ ಒಬ್ಬಳೇ ಹುಡುಗಿಯನ್ನು 13 ಸಲ, 13 ಭಂಗಿಯಲ್ಲಿ, ನೋಡಿದ ತಕ್ಷಣ ಅವಳೇ ಅಂತ ಗೊತ್ತಾಗುವ ಹಾಗೆ ಮಾಡಬೇಕು. ಅವಳನ್ನು ಒಂಬತ್ತು ಚೂರಿನಲ್ಲಿ ಮಾಡಿಕೊಂಡೆ: ತಲೆ, ಕೂದಲು, ಮೈ, ಎರಡು ತೋಳು, ಎರಡು ಕಾಲು, ಎರಡು ಬೂಟು. ಅವಕ್ಕೆಲ್ಲ ದಪ್ಪ ರಟ್ಟಿನಲ್ಲಿ ಅಚ್ಚು ಮಾಡಿಟ್ಟುಕೊಂಡು ಪ್ರತಿ ಪುಟಕ್ಕೂ ಅದರ ಮೇಲೆ ಎಳೆದು ಕತ್ತರಿಸಿದೆ.

ಮೊದಲ ಎರಡು ಜೋಡಿಪುಟ ಮಾಡಿದ್ದು ಮಾಮೂಲಿ ಗ್ಲೂ ಸ್ಟಿಕ್ಕಿನಲ್ಲಿ. ಅದರ ಕಷ್ಟ ಹೇಳಲೇಬೇಕು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಉಸಿರು ಬಿಗಿಹಿಡಿದು ತಲೆಯನ್ನು ಇಡುತ್ತಿದ್ದೆ. ಎರಡೇ ಮಿಲಿಮೀಟರ್ ಪಕ್ಕಕ್ಕೆ ಹೋದರೂ ಹುಡುಗಿ ಕೊಡೆಯನ್ನು ನೋಡುವ ಬದಲು ಮೋಡವನ್ನು ನೋಡುತ್ತಿರುವ ಹಾಗೆ ಆಗುತ್ತಿತ್ತು. ಕೀಳಲು ಹೋದರೆ ಆಕಾಶದ ನೀಲಿ ಕಾಗದ ಸಿಪ್ಪೆ ಸುಲಿದ ಹಾಗೆ ಎದ್ದು ಬಂದು ಕೆಳಗೆ ಬಿಳಿ ಗಾಯ ಉಳಿಯುತ್ತಿತ್ತು. ಒಂದು ಸಲ ಹೀಗೆ ಆಗಿ ಇಡೀ ಆಕಾಶ, ಅದರ ಮೇಲಿದ್ದ ಹನ್ನೊಂದು ಮೋಡ, ಎಲ್ಲ ಮೊದಲಿಂದ ಮಾಡಬೇಕಾಯಿತು. ಕೆಲಸ ಹಾಳಾದ ಬೇಜಾರು ಒಂದು ಕಡೆ ಇರಲಿ, ಅದಕ್ಕಿಂತ ಕೆಟ್ಟದ್ದು ಹೆದರಿಕೆ. ತಪ್ಪಾದರೆ ತಿದ್ದಲಾಗದು ಅನ್ನುವ ಹೆದರಿಕೆಯಲ್ಲಿ ನಾನು ಎಲ್ಲವನ್ನೂ ಸ್ಕೆಚ್ಚಿನಲ್ಲಿದ್ದ ಹಾಗೇ ಇಟ್ಟೆ. ಚಿತ್ರ ಅಚ್ಚುಕಟ್ಟಾಗಿತ್ತು, ಜೀವ ಇರಲಿಲ್ಲ.

ಸಹಪಾಠಿಯೊಬ್ಬಳು ತನ್ನ ಗಮ್ ಪೆನ್ ಕೊಟ್ಟು ಇದನ್ನು ನೋಡು ಅಂದಳು. ಮೂರನೇ ಜೋಡಿಪುಟದಿಂದ ಅದೇ.

ಏಳನೇ ಜೋಡಿಪುಟದ ವಿಷಯ ಹೇಳಿದರೆ ಈ ಪೆನ್ನಿಗೆ ನಾನು ಯಾಕೆ ಇಷ್ಟು ಬೆಲೆ ಕೊಡುತ್ತೇನೆ ಅಂತ ಗೊತ್ತಾಗುತ್ತದೆ. ಎಡಪುಟದಲ್ಲಿ ಗುಡ್ಡದ ತುದಿಯಲ್ಲಿ ಹುಡುಗಿ, ಬಲಪುಟದ ಮೇಲಿನ ಮೂಲೆಯಲ್ಲಿ ಕೊಡೆ, ನಡುವೆ ಬರೀ ಬೂದು ಕಾಗದ. ಕತೆಯನ್ನು ಪುಟಪುಟವಾಗಿ ಮೊದಲೇ ಬಿಡಿಸಿಟ್ಟುಕೊಂಡ ಸ್ಟೋರಿಬೋರ್ಡಿನಲ್ಲಿ ಅವಳು ಕೊಡೆ ಹಿಡಿಯಲು ಕೈ ಚಾಚಿದ್ದಳು. ಒಣಗಿದ ಗಮ್ಮಿನಲ್ಲಿ ತೋಳನ್ನು ಇಟ್ಟೆ. ಚೆನ್ನಾಗಿಯೇ ಇತ್ತು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ತೋಳು ಭುಜದ ಹತ್ತಿರ ಸ್ವಲ್ಪ ಕೆಳಗಾಯಿತು ಅನ್ನಿಸಿ ಚಿಮುಟದಲ್ಲಿ ಎತ್ತಿ ಮತ್ತೆ ಇಡುವಾಗ ಅದು ತುಸು ತಿರುಗಿ ಅಂಗೈ ಮೇಲಕ್ಕಾಯಿತು. ಒಂದು ಗೆರೆ ಬದಲಾಗಿರಲಿಲ್ಲ, ಒಂದು ಹೊಸ ಚೂರು ಸೇರಿರಲಿಲ್ಲ. ಆದರೆ ಹುಡುಗಿ ಕೊಡೆಯನ್ನು ಹಿಡಿಯಲು ಹೋಗುತ್ತಿರಲಿಲ್ಲ, ಹೋಗಿ ಬಾ ಅಂತ ಕೈ ಬೀಸುತ್ತಿದ್ದಳು. ನಾನು ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಅಲ್ಲಿಂದ ಮುಂದಿನ ಆರು ಜೋಡಿಪುಟ ಬದಲಾದವು. ಮೊದಲ ಕತೆಯಲ್ಲಿ ಅವಳಿಗೆ ಕೊಡೆ ಸಿಗುತ್ತಿತ್ತು. ಈಗ ಸಿಗುವುದಿಲ್ಲ. ಅವಳು ಮಳೆಯಲ್ಲಿ ನೆನೆಯುತ್ತಾ ಮನೆಗೆ ಬರುತ್ತಾಳೆ, ಕೊನೆಯ ಪುಟದಲ್ಲಿ ಕೊಡೆ ಒಂದು ಹಕ್ಕಿಗೂಡಿನ ಮೇಲೆ ಬಿಚ್ಚಿಕೊಂಡಿರುತ್ತದೆ. ಗ್ಲೂ ಸ್ಟಿಕ್ ಬಳಸಿದ್ದರೆ ಆ ತೋಳು ಮೊದಲು ಇಟ್ಟ ಜಾಗದಲ್ಲೇ ಉಳಿದಿರುತ್ತಿತ್ತು.

ಕಾಗದದ ಪಾತ್ರಕ್ಕೆ ಮುಖದಲ್ಲಿ ಹೆಚ್ಚು ಹೇಳಲು ಆಗುವುದಿಲ್ಲ ಅಲ್ವಾ. ಎರಡು ಚುಕ್ಕಿ ಕಣ್ಣು, ಒಂದು ಸಣ್ಣ ಬಾಯಿ. ಹೇಳಬೇಕಾದ್ದೆಲ್ಲ ಹೊರರೇಖೆಯಲ್ಲಿ, ವಾಲುವಿಕೆಯಲ್ಲಿ, ಎರಡು ಚೂರುಗಳ ನಡುವಿನ ಜಾಗದಲ್ಲಿ ಇರುತ್ತದೆ. ಗಾಳಿಯನ್ನಂತೂ ಬಿಡಿಸಲು ಬರುವುದೇ ಇಲ್ಲ. ಹುಲ್ಲು, ಕೂದಲು, ಲಂಗ, ಮರ ಎಲ್ಲ ಒಂದೇ ಕಡೆಗೆ ಬಾಗಿದರೆ ಗಾಳಿ ತಾನಾಗಿ ಕಾಣುತ್ತದೆ. ಎಷ್ಟು ಬಾಗಿಸಬೇಕು ಅನ್ನುವುದು ಮಾತ್ರ ಇಟ್ಟು ನೋಡದೆ ಗೊತ್ತಾಗುವುದಿಲ್ಲ. ಕತೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಮಕ್ಕಳಿಗೆ ಕತೆ ಹೇಳುತ್ತಾ ಹೇಳುತ್ತಾ ಕತ್ತರಿಯಲ್ಲಿ ಕಾಗದ ಕತ್ತರಿಸುತ್ತಿದ್ದರಂತೆ, ಕತೆ ಮುಗಿಯುವಾಗ ಮಡಿಕೆ ಬಿಚ್ಚಿ ತೋರಿಸುತ್ತಿದ್ದರಂತೆ. ಅವರ ಆ ಕತ್ತರಿಕೆಗಳು ಇವತ್ತಿಗೂ ಉಳಿದಿವೆ. ಕತೆಯೂ ಕಾಗದವೂ ಒಟ್ಟೊಟ್ಟಿಗೆ ಹುಟ್ಟುವುದು ನನಗೆ ಬಹಳ ಇಷ್ಟವಾದ ಸಂಗತಿ. ಮೊದಲು ಕತೆ ಬರೆದು ಮುಗಿಸಿ ಆಮೇಲೆ ಅದಕ್ಕೆ ಚಿತ್ರ ಅಂಟಿಸುವುದಕ್ಕಿಂತ ಚೂರುಗಳನ್ನು ಜರುಗಿಸುತ್ತಾ ಕತೆ ಹುಡುಕುವುದು ಈ ಮಾಧ್ಯಮಕ್ಕೆ ಹೆಚ್ಚು ಒಗ್ಗುತ್ತದೆ ಅಂತ ನನ್ನ ಅನಿಸಿಕೆ.

ನೀವು ಅಂಟೇ ಇಲ್ಲದೆ ಸುಮ್ನೆ ಇಟ್ಟು ನೋಡಬಹುದಲ್ಲ ಅಂತ ಕೇಳಬಹುದು. ನಾನೂ ಮಾಡಿದ್ದೇನೆ. ಬಾಗಿಲು ತೆರೆದರೆ ಸಾಕು, ಹುಲ್ಲು ಹಾರಿಹೋಗುತ್ತದೆ. ಹಾಳೆಯನ್ನು ಎತ್ತಿ ದೂರದಿಂದ ನೋಡಲು ಆಗುವುದಿಲ್ಲ, ಗೋಡೆಗೆ ಒರಗಿಸಿ 13 ಪುಟವನ್ನೂ ಸಾಲಾಗಿ ನೋಡಲು ಆಗುವುದಿಲ್ಲ. ಒಂದು ಪುಟ ಚೆನ್ನಾಗಿದೆಯಾ ಅನ್ನುವುದಕ್ಕಿಂತ ಆರರಿಂದ ಏಳಕ್ಕೆ ಹೋದಾಗ ಏನಾಗುತ್ತದೆ ಅನ್ನುವುದೇ ಚಿತ್ರಪುಸ್ತಕದಲ್ಲಿ ಮುಖ್ಯ. ಅದಕ್ಕೆ ಎಲ್ಲ ಪುಟಗಳೂ ಒಟ್ಟಿಗೆ ನಿಂತಿರಬೇಕು, ಆದರೆ ಯಾವುದೂ ಖಾಯಂ ಆಗಿರಬಾರದು. ಮೂರನೆಯದರಿಂದ ಮುಂದಿನ ನನ್ನ ಜೋಡಿಪುಟಗಳೆಲ್ಲ ಎರಡು ತಿಂಗಳು ಹಾಗೇ ಇದ್ದವು.

ಬಳಸುವ ರೀತಿ ಬಗ್ಗೆ ಸ್ವಲ್ಪ. ಚೂರಿನ ಹಿಂದೆಲ್ಲ ಗಮ್ ಬಳಿಯಬೇಡಿ, ಚುಕ್ಕಿ ಸಾಕು. ತೋಳಿಗೆ ಎರಡು ಚುಕ್ಕಿ, ತಲೆಗೆ ಮೂರು. ನೀಲಿ ಪೂರ್ತಿ ಹೋಗುವವರೆಗೆ ಕಾಯಿರಿ, ಅಂಚಿನಲ್ಲಿ ಚೂರು ನೀಲಿ ಉಳಿದಿದ್ದರೂ ಅಲ್ಲಿ ಕಚ್ಚಿಕೊಳ್ಳುತ್ತದೆ. ನಾನು ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಚೂರಿಗೆ ಚುಕ್ಕಿ ಇಟ್ಟು ಎದ್ದು ಹೋಗಿ ಬೇರೆ ಕೆಲಸ ಮಾಡಿಕೊಂಡು ಬರುತ್ತಿದ್ದೆ. ಸ್ಟಿಕ್ಕರ್ ಕಿತ್ತ ಮೇಲೆ ಉಳಿಯುವ ನುಣುಪು ಹಾಳೆ ಇರುತ್ತದಲ್ಲ, ಅದನ್ನು ಬಿಸಾಡಬೇಡಿ. ಗಮ್ ಒಣಗಿದ ಚೂರುಗಳನ್ನು ಅದರ ಮೇಲೆ ಇಟ್ಟರೆ ಧೂಳು ಕೂರುವುದಿಲ್ಲ, ಬೇಕಾದಾಗ ಚಿಮುಟದಲ್ಲಿ ಎತ್ತಿಕೊಳ್ಳಬಹುದು. ನನ್ನ ಬಳಿ ಬರೀ ಎಡಗಾಲುಗಳದ್ದೇ ಒಂದು ಹಾಳೆ ಇತ್ತು.

ಎಲ್ಲ ನಿರ್ಧಾರವಾದ ಮೇಲೆ ಖಾಯಂ ಮಾಡುವುದಕ್ಕೂ ಅದೇ ಪೆನ್. ಕೆಳಗಿನ ಪದರದಿಂದ ಶುರು ಮಾಡಿ ಒಂದೊಂದೇ ಚೂರನ್ನು ಅರ್ಧ ಎತ್ತಿ, ಹಳೆಯ ಚುಕ್ಕಿ ಇಲ್ಲದ ಜಾಗದಲ್ಲಿ ಹಸಿ ಗಮ್ ಇಟ್ಟು ಒತ್ತುವುದು. ಇನ್ನರ್ಧ ಅಂಟಿಕೊಂಡೇ ಇರುವುದರಿಂದ ಜಾಗ ತಪ್ಪುವುದಿಲ್ಲ. ಇದು ನನಗೆ ತಡವಾಗಿ ಹೊಳೆದದ್ದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈಗ ದೋಷಗಳು. ಇವೆ, ಕಡಿಮೆಯೇನಿಲ್ಲ.

ನಾಲ್ಕೈದು ಸಲ ಎತ್ತಿಟ್ಟ ಮೇಲೆ ಜಿಗುಟು ಹೋಗುತ್ತದೆ. ಗಮ್ಮಿಗೆ ಕಾಗದದ ನವಿರು ನಾರು ಮೆತ್ತಿಕೊಳ್ಳುವುದೇ ಕಾರಣ. ಒರಟು, ಮೆತ್ತನೆಯ ಕಾಗದದಲ್ಲಿ ಎರಡನೇ ಸಲಕ್ಕೇ ಹೀಗಾಗುತ್ತದೆ, ನುಣುಪು ಕಾಗದದಲ್ಲಿ ಎಂಟು ಹತ್ತು ಸಲ ತಡೆಯುತ್ತದೆ. ಹಳೆ ಗಮ್ಮನ್ನು ಬೆರಳಲ್ಲಿ ಉಜ್ಜಿ ಉಂಡೆ ಮಾಡಿ ತೆಗೆದು ಹೊಸದು ಹಾಕಬಹುದು. ಆದರೆ ತೆಳ್ಳನೆ ಕಾಲಿನಂಥ ಚೂರಾದರೆ ಉಜ್ಜುವಾಗಲೇ ಹರಿಯುತ್ತದೆ.

ಕಡುಬಣ್ಣದ ಕಾಗದದ ಮೇಲೆ ಕಲೆ ಉಳಿಯುತ್ತದೆ. ನನ್ನ ಒಂಬತ್ತನೇ ಜೋಡಿಪುಟ ರಾತ್ರಿಯದು, ಹಿನ್ನೆಲೆ ಅಚ್ಚ ಕಪ್ಪು. ಮನೆಯ ಚೂರನ್ನು ಮೂರು ಸಲ ಜರುಗಿಸಿದ್ದೆ. ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಮೂರು ಕಡೆಯೂ ಬಸವನಹುಳು ಹರಿದ ಹಾಗೆ ಹೊಳಪಿನ ಗುರುತು ಕಂಡಿತು. ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ತಿದ್ದಿಕೊಂಡೆ, ಮೂಲಚಿತ್ರದಲ್ಲಿ ಮಾತ್ರ ಹಾಗೇ ಇದೆ. ಮೂಲವನ್ನೇ ಪ್ರದರ್ಶನಕ್ಕೆ ಇಡುವವರು ಕಪ್ಪು ಹಾಳೆಯ ಮೇಲೆ ಈ ಪೆನ್ ಬಳಸುವಾಗ ಹುಷಾರಾಗಿರಿ. ಟಿಶ್ಯೂ ಪೇಪರಿಗಂತೂ ಬೇಡವೇ ಬೇಡ, ಚುಕ್ಕಿ ಎಣ್ಣೆ ಕಲೆಯ ಹಾಗೆ ಈಚೆಗೆ ಕಾಣುತ್ತದೆ.

ದೊಡ್ಡ ಚೂರುಗಳಿಗೂ ಇದು ಅಲ್ಲ. ಗುಡ್ಡ, ಸಮುದ್ರ, ಪುಟದಗಲದ ಆಕಾಶ, ಇವಕ್ಕೆ ಹಚ್ಚಲು ಹೋದರೆ ಪೆನ್ ಖಾಲಿಯಾಗುತ್ತದೆ, ಹಸಿಯಲ್ಲಿ ಒತ್ತಿದರೆ ಕಾಗದ ಅಲೆ ಅಲೆಯಾಗಿ ಎದ್ದು ಕೂರುತ್ತದೆ. ಅಲ್ಲಿ ನಾನು ಅಗಲದ ಡಬಲ್ ಸೈಡ್ ಟೇಪ್ ಬಳಸಿದೆ. ಅದರಲ್ಲಿ ನೀರಿಲ್ಲ, ಸುಕ್ಕಾಗುವುದಿಲ್ಲ, ಆದರೆ ಒಂದು ಸಲ ಮುಟ್ಟಿದರೆ ಮುಗಿಯಿತು. ಸ್ಪ್ರೇ ಅಂಟು ಸಮನಾಗಿ ಕೂರುತ್ತದೆ ನಿಜ, ಆದರೆ ಅದರ ಹನಿ ಗಾಳಿಯಲ್ಲಿ ತೇಲಿ ಎಲ್ಲದರ ಮೇಲೂ ಕೂರುತ್ತದೆ, ಗಾಳಿಯಾಡುವ ಜಾಗ ಮತ್ತು ಮಾಸ್ಕ್ ಇಲ್ಲದೆ ಅದನ್ನು ಮುಟ್ಟಬಾರದು. ಇರುವ ಒಂದೇ ಕೋಣೆಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗೆ ಅದು ಸರಿಹೋಗುವುದಿಲ್ಲ. ಹಿಂದೆ, ಕಂಪ್ಯೂಟರ್ ಬರುವ ಮುಂಚೆ, ಪತ್ರಿಕೆಗಳ ಪುಟ ಕಟ್ಟುವವರು ಕಾಲಂಗಳ ಹಿಂಬದಿಗೆ ಬಿಸಿ ಮೇಣ ಸವರಿ ಅಂಟಿಸುತ್ತಿದ್ದರು, ಸುದ್ದಿ ಬದಲಾದರೆ ಎತ್ತಿ ಬೇರೆ ಕಡೆ ಇಡುತ್ತಿದ್ದರು. ಅವರಿಗೂ ಬೇಕಾಗಿದ್ದದ್ದು ಇದೇ ಗುಣ. ಮೇಣ ಸವರುವ ಆ ಯಂತ್ರ ಈಗ ಎಲ್ಲಿ ಹುಡುಕುವುದು?

ಪೆನ್ನಿನ ತುದಿ ಬೇಗ ಕಟ್ಟಿಕೊಳ್ಳುತ್ತದೆ. ಮುಚ್ಚಳ ಸರಿಯಾಗಿ ಹಾಕದೆ ಒಂದು ರಾತ್ರಿ ಬಿಟ್ಟಿದ್ದಕ್ಕೆ ನನ್ನ ಎರಡನೇ ಪೆನ್ ಅರ್ಧ ಗಮ್ ಇರುವಾಗಲೇ ಹೋಯಿತು. ತೆಳ್ಳನೆ ತುದಿಯದ್ದಕ್ಕೆ ಈ ಕಾಟ ಜಾಸ್ತಿ, ಆದರೆ ಹುಲ್ಲು ರೆಪ್ಪೆಗಳಂಥ ಸಣ್ಣ ಕೆಲಸಕ್ಕೆ ಅದೇ ಬೇಕು.

ಇನ್ನೊಂದು, ಒಣಗಿದ ಗಮ್ಮನ್ನು ನಂಬಿ ಚಿತ್ರವನ್ನು ತಿಂಗಳುಗಟ್ಟಲೆ ಬಿಡಬೇಡಿ. ನನ್ನ ನಾಲ್ಕನೇ ಜೋಡಿಪುಟ ಐದಾರು ವಾರ ಕಪಾಟಿನ ಪಕ್ಕ ನಿಂತಿತ್ತು. ಸ್ಕ್ಯಾನ್ ಮಾಡಲು ತೆಗೆದಾಗ ಹುಡುಗಿಗೆ ಒಂದು ಬೂಟಿರಲಿಲ್ಲ. ಹುಡುಕಿ ಸಿಗದೆ ಹೊಸದು ಕತ್ತರಿಸಿದೆ, ಅಚ್ಚು ಇದ್ದದ್ದರಿಂದ ಬಚಾವ್.

ಸ್ಕ್ಯಾನಿಂಗಿನಲ್ಲೂ ಗಮ್ಮಿನ ಪಾತ್ರ ಇದೆ ಅಂತ ನನಗೆ ಆಮೇಲೆ ಗೊತ್ತಾದದ್ದು. ಚುಕ್ಕಿಯಲ್ಲಿ ಮಾತ್ರ ಅಂಟಿರುವ ಚೂರಿನ ಅಂಚು ಸ್ವಲ್ಪ ಎದ್ದಿರುತ್ತದೆ, ಅದರ ಕೆಳಗೆ ಎಳೆಯಷ್ಟು ನೆರಳು ಬೀಳುತ್ತದೆ. ಆ ನೆರಳೇ ಕಾಗದದ ಚಿತ್ರಕ್ಕೆ ಚೆಂದ, ಕೈಯಿಂದ ಮಾಡಿದ್ದು ಅಂತ ಹೇಳುವುದೇ ಅದು. ಪೂರ್ತಿ ಬಳಿದು ಒತ್ತಿದರೆ ಎಲ್ಲ ಚಪ್ಪಟೆಯಾಗಿ ಕಂಪ್ಯೂಟರಿನಲ್ಲಿ ಮಾಡಿದ ಹಾಗೆ ಕಾಣುತ್ತದೆ. ಆದರೆ ನೆರಳು ಬೇಕಾದರೆ ಎರಡು ವಿಷಯ ನೋಡಿಕೊಳ್ಳಬೇಕು. ಸಿಐಎಸ್ ಅನ್ನುವ ಬಗೆಯ ತೆಳ್ಳನೆಯ ಸ್ಕ್ಯಾನರುಗಳು ಗಾಜಿಗೆ ಅಂಟಿಕೊಂಡದ್ದನ್ನು ಮಾತ್ರ ಚೊಕ್ಕವಾಗಿ ನೋಡುತ್ತವೆ, ಪದರ ಪದರವಾಗಿರುವ ಚಿತ್ರದ ಕೆಳಪದರ ಮಸುಕಾಗುತ್ತದೆ. ಸಿಸಿಡಿ ಅನ್ನುವ ಇನ್ನೊಂದು ಬಗೆಯ ಸ್ಕ್ಯಾನರಿನಲ್ಲಿ ಆಳ ಚೆನ್ನಾಗಿ ಬರುತ್ತದೆ. ಎರಡನೆಯದು, ಸ್ಕ್ಯಾನರಿನ ಬೆಳಕು ಒಂದೇ ಬದಿಯಿಂದ ಬರುತ್ತದೆ. ಜಾಗ ಸಾಲದೆ ನಾನು ಒಂದು ಪುಟದ ಅರ್ಧವನ್ನು ತಲೆಕೆಳಗಾಗಿ ಇಟ್ಟು ಸ್ಕ್ಯಾನ್ ಮಾಡಿ ಜೋಡಿಸಿದ್ದೆ. ಎಡಕ್ಕಿದ್ದ ಮರದ ನೆರಳು ಕೆಳಗೆ ಬಿದ್ದಿತ್ತು, ಬಲಕ್ಕಿದ್ದ ಮರದ ನೆರಳು ಮೇಲೆ. ಎಲ್ಲ ಮತ್ತೆ ಮಾಡಿದೆ, ಪ್ರತಿ ಹಾಳೆಯ ಹಿಂದೆ ಮೇಲ್ಗಡೆ ಯಾವುದು ಅಂತ ಬಾಣ ಬರೆದು.

ಜೊತೆಗಿರುವ ಸಾಮಾನಿನ ಬಗ್ಗೆ ಎರಡು ಮಾತು. ಕಾಗದ 120ರಿಂದ 160 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇದ್ದರೆ ಈ ಗಮ್ಮಿಗೆ ಸರಿಹೊಂದುತ್ತದೆ, ತೆಳ್ಳಗಿದ್ದರೆ ಕೀಳುವಾಗ ಸುರುಳಿಯಾಗುತ್ತದೆ, 200 ದಾಟಿದರೆ ಬೆರಳು ನೋಯುತ್ತದೆ. ಕೊಳ್ಳುವ ಮುಂಚೆ ಮೂಲೆ ಹರಿದು ನೋಡಿ. ತಿರುಳಿಗೇ ಬಣ್ಣ ಹಾಕಿದ ಕಾಗದ ಒಳಗೂ ಅದೇ ಬಣ್ಣ ಇರುತ್ತದೆ. ಮೇಲೆ ಮಾತ್ರ ಬಣ್ಣ ಬಳಿದದ್ದಾದರೆ ಒಳಗೆ ಬಿಳಿ, ಕತ್ತರಿಸಿದ ಪ್ರತಿ ಅಂಚಿನಲ್ಲೂ ಬಿಳಿ ದಾರ ಕಾಣುತ್ತದೆ. ನನ್ನ ಕೆಂಪು ಕೊಡೆಗೆ ಬೇಕಾದ ಕೆಂಪು ಎಲ್ಲೂ ಸಿಗದೆ ಬಿಳಿ ಹಾಳೆಗೆ ನಾನೇ ಗ್ವಾಷ್ ಅನ್ನುವ ದಟ್ಟನೆಯ ನೀರುಬಣ್ಣ ಬಳಿದುಕೊಂಡೆ. ಚಿತ್ರಕಾರ ಹೆನ್ರಿ ಮಾತೀಸ್ ಕೂಡ ತಮ್ಮ ಸಹಾಯಕರಿಂದ ಗ್ವಾಷ್ ಬಳಿಸಿದ ಹಾಳೆಗಳನ್ನೇ ಕತ್ತರಿಯಲ್ಲಿ ಕತ್ತರಿಸುತ್ತಿದ್ದದ್ದು. ಬಳಿದ ಹಾಳೆ ಒಣಗುವಾಗ ಮುದುಡುತ್ತದೆ, ಭಾರದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟರೆ ಸರಿಹೋಗುತ್ತದೆ. ಬಣ್ಣದ ಬದಿಗೆ ಮಾತ್ರ ಗಮ್ ಪೆನ್ ತಾಗಿಸಬೇಡಿ, ಗ್ವಾಷ್ ನೀರಿಗೆ ಕರಗುವುದರಿಂದ ಪೆನ್ನಿನ ತುದಿಯೇ ಕೆಂಪಾಗುತ್ತದೆ. ಬ್ಲೇಡ್ ವಿಷಯದಲ್ಲಿ ಹೇಳುವುದು ಇಷ್ಟೇ: ಚೂಪು ಹೋದ ತಕ್ಷಣ ಬದಲಾಯಿಸಿ, ಮೊಂಡು ಬ್ಲೇಡಿಗೆ ಬಲ ಹಾಕುವಾಗಲೇ ಕೈ ಕುಯ್ದುಕೊಳ್ಳುವುದು.

ಯಾರಿಗೆ ಈ ಪೆನ್ ಬೇಕು? ಒಂದೇ ಚಿತ್ರ ಮಾಡುವವರಿಗೆ, ಸ್ಕೆಚ್ ಪೂರ್ತಿ ಪಕ್ಕಾ ಆದ ಮೇಲೆ ಕತ್ತರಿಸುವವರಿಗೆ ಇದು ಇಲ್ಲದಿದ್ದರೂ ನಡೆಯುತ್ತದೆ, ಒಳ್ಳೆ ಗ್ಲೂ ಸ್ಟಿಕ್ ಸಾಕು. ಪುಟದಿಂದ ಪುಟಕ್ಕೆ ಒಂದೇ ಪಾತ್ರವನ್ನು ನಡೆಸಬೇಕಾದವರು, ಕತೆ ಇನ್ನೂ ಪೂರ್ತಿ ಗೊತ್ತಿಲ್ಲದೆ ಶುರು ಮಾಡುವವರು ಖಂಡಿತ ತೊಗೊಳ್ಳಿ. ಮೊದಲಿಗೆ ತೆಳ್ಳನೆ ತುದಿಯದ್ದು ಒಂದೇ ಸಾಕು. ತಂದ ದಿನವೇ ಚಿತ್ರಕ್ಕೆ ಹಚ್ಚಬೇಡಿ, ನೀವು ಬಳಸುವ ಪ್ರತಿ ಕಾಗದದ ಒಂದೊಂದು ಚೂರಿನ ಮೇಲೆ ಅಂಟಿಸಿ, ಕಿತ್ತು, ಮರುದಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ನನಗೆ ಎಂಟು ತಿಂಗಳಿಗೆ ನಾಲ್ಕು ಪೆನ್ ಬೇಕಾದವು, ಒಂದು ಮುಚ್ಚಳದಿಂದ ಹಾಳಾದದ್ದು ಸೇರಿ. 12 ಜೋಡಿಪುಟ ಖಾಯಂ ಆಗಿವೆ. ಕೊನೆಯದರಲ್ಲಿ ಹಕ್ಕಿ ಗೂಡಿನ ಒಳಗಿರಬೇಕೋ ಕೊಡೆಯ ಮೇಲೆ ಕೂತಿರಬೇಕೋ ಇನ್ನೂ ಗೊತ್ತಾಗಿಲ್ಲ. ಚುಕ್ಕಿ ಒಣಗಿದೆ. ಬೆಳಿಗ್ಗೆ ಗೂಡಿನಲ್ಲಿತ್ತು, ಈಗ ಕೊಡೆಯ ಮೇಲಿದೆ.